ಎರಡು ಬೆರಳು ಮೇಲೆ

ಪರೀಕ್ಷೆ ಇದ್ದದ್ದು ಗುರುವಾರ ಬೆಳಿಗ್ಗೆ ಹತ್ತಕ್ಕೆ. ಮಂಗಳವಾರ ಹನ್ನೊಂದರ ಹೊತ್ತಿಗೆ ಕೆಂಪರಾಜ್, ಕಗ್ಗದಾಸಪುರದ ಆಂಜನಮ್ಮನವರ ಹಜಾರದಲ್ಲಿ ಚಾಪೆ ಹಾಸಿಕೊಂಡು ಕೂತು, ಅದೇ ಕಂಪ್ಯೂಟರನ್ನು ನಾಲ್ಕನೆಯ ಸಲ ಬಿಚ್ಚುತ್ತಿದ್ದ.

"ಈಗೇನ್ ಮಾಡ್ಲಿಕ್ಕತ್ತೀರಿ ಕೆಂಪರಾಜಣ್ಣ?" ಎಂದು ಮೇಜಿನ ಪಕ್ಕದ ಕುರ್ಚಿಯಿಂದ ಭಗವಂತರಾಯ ಕೇಳಿದ.

"ಪಕ್ಕದ ತಗಡು ಬಿಚ್ತಾ ಇದೀನಿ ರಾಯರೇ. ಮೂರು ಸ್ಕ್ರೂ ಬಂತು. ನಾಲ್ಕನೇದು ಹಟ ಮಾಡ್ತಿದೆ."

"ಅದಕ್ಕ ನಾಚಿಗಿ ಬಂದಿರಬೇಕ್ರಿ. ಮ್ಯಾಲಿಂದ ಮ್ಯಾಲ ಬಿಚ್ಚಿದ್ರ ಯಾರಿಗರೆ ನಾಚಿಗಿ ಬರಲ್ಲೇನು?"

ಕೆಂಪರಾಜ್ ನಕ್ಕ. ಭಗವಂತರಾಯನಿಗೆ ಕಣ್ಣು ಕಾಣುವುದಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಬಂದ ಜ್ವರವೊಂದು ದೃಷ್ಟಿಯನ್ನು ತೆಗೆದುಕೊಂಡು ಹೋಗಿತ್ತು. ಅಂಥವರ ಎದುರು ಕೆಲಸ ಮಾಡುವಾಗ ಮಾಡುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಿರಬೇಕು ಎಂದು ಕೆಂಪರಾಜನಿಗೆ ಯಾರೂ ಕಲಿಸಿರಲಿಲ್ಲ. ಮೊದಲ ದಿನ ಕೈಜಾರಿ ಬಿದ್ದ ಸ್ಕ್ರೂಡ್ರೈವರಿನ ಸದ್ದಿಗೆ ಆ ಯುವಕ ಬೆಚ್ಚಿಬಿದ್ದದ್ದನ್ನು ನೋಡಿದ್ದ. ಅಂದಿನಿಂದ ಹೇಳುತ್ತಲೇ ಕೆಲಸ ಮಾಡುವುದು ಅಭ್ಯಾಸವಾಗಿತ್ತು.

ಭಗವಂತರಾಯನ ಊರು ಸುರಪುರದ ಕಡೆ. ಅಕ್ಕ ಯಂಕಮ್ಮ ಇಂದಿರಾನಗರದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಅಕ್ಕ ತಮ್ಮ ಇಬ್ಬರೂ ಆಂಜನಮ್ಮನವರ ಹಿತ್ತಿಲ ಸಾಲುಕೋಣೆಗಳಲ್ಲಿ ಒಂದನ್ನು ಬಾಡಿಗೆಗೆ ಹಿಡಿದಿದ್ದರು. ಕಂಟೋನ್ಮೆಂಟಿನ ಕಚೇರಿಯೊಂದರಲ್ಲಿ ಭಗವಂತರಾಯ ಎರಡು ವರ್ಷದಿಂದ ಟೆಲಿಫೋನ್ ಆಪರೇಟರ್. ಅದು ತಾತ್ಕಾಲಿಕ ಕೆಲಸ; ಪರೀಕ್ಷೆಗೆಂದು ಈ ವಾರ ರಜೆ ಹಾಕಿದ್ದ. ತಿಂಗಳ ಕೊನೆಗೆ ಅಲ್ಲಿ ಕರೆಗಳನ್ನು ತಾನೇ ಜೋಡಿಸುವ ಹೊಸ ಎಕ್ಸ್‌ಚೇಂಜ್ ಬರುವುದಿತ್ತು. ಅದು ಬಂದ ದಿನ ಆಪರೇಟರನ ಕುರ್ಚಿ ಹೋಗುತ್ತಿತ್ತು. ಪತ್ರ ವಿಭಾಗದಲ್ಲಿ ಮಾತ್ರ ಒಂದು ಖಾಯಂ ಜಾಗ ಖಾಲಿಯಿತ್ತು. ತಾನು ಕಂಪ್ಯೂಟರಿನ ಸಹಾಯದಿಂದ ಪತ್ರ ಓದಿ ಉತ್ತರ ಟೈಪ್ ಮಾಡಬಲ್ಲೆ ಎಂದು ಭಗವಂತರಾಯ ಅರ್ಜಿ ಹಾಕಿದಾಗ, ಅಲ್ಲಿನ ಅಧಿಕಾರಿ ಅರ್ಜಿಯನ್ನು ಎರಡು ಸಲ ಓದಿ, "ಮಾಡಿ ತೋರಿಸಪ್ಪ. ಐದು ಪತ್ರ, ಒಂದು ಗಂಟೆ. ಅಂಥ ಮೆಷಿನ್ ನಮ್ಮಲ್ಲಿಲ್ಲ, ನಿಂದೇ ತಗೊಂಡ್ ಬಾ" ಎಂದಿದ್ದರು.

ಆ ಮೆಷಿನ್ನನ್ನು ಒಂದೂವರೆ ವರ್ಷದ ಹಿಂದೆ ಒಂದು ಸೇವಾ ಸಂಘದವರು ಕೊಟ್ಟಿದ್ದರು. ಸ್ಕ್ಯಾನರಿನ ಗಾಜಿನ ಮೇಲೆ ಅಚ್ಚಾದ ಹಾಳೆಯನ್ನು ಮಗುಚಿಟ್ಟರೆ ಅದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುತ್ತಿತ್ತು. ಒತ್ತಿದ ಕೀಲಿಯ ಹೆಸರನ್ನೂ ಟೈಪ್ ಮಾಡಿದ ಸಾಲನ್ನೂ ಹೇಳುತ್ತಿತ್ತು. ಬೇರೆಯವರಿಗೆ ಪರದೆ ಹೇಗೋ ಭಗವಂತರಾಯನಿಗೆ ಆ ಮಾತು ಹಾಗೆ. ಮೊದಮೊದಲು ನಿಧಾನವಾಗಿ ಓದಿಸಿಕೊಳ್ಳುತ್ತಿದ್ದವನು ಈಗ ಎಷ್ಟು ವೇಗ ಇಟ್ಟಿದ್ದನೆಂದರೆ, ಕೇಳಿದವರಿಗೆ ಬಾಣಲೆಯಲ್ಲಿ ಕಡಲೆ ಹುರಿದಂತೆ ಅನ್ನಿಸುತ್ತಿತ್ತು.

ದಸರಾ ಮುಗಿದ ಮೇಲೆ ಅದು ಕೈಕೊಡತೊಡಗಿತು. ಒಂದು ಪುಟವನ್ನು ಓದುತ್ತಾ ಮುಂದಿನದನ್ನು ಸ್ಕ್ಯಾನ್ ಮಾಡುತ್ತಿರುವಾಗ ಮಾತು ಒಂದೇ ಅಕ್ಷರದ ಮೇಲೆ ಸಿಕ್ಕಿಕೊಂಡು 'ದದದದದದ' ಎಂದು ಬಡಬಡಿಸುತ್ತಿತ್ತು. ಆಮೇಲೆ ಯಾವ ಕೀಲಿ ಒತ್ತಿದರೂ ಕೇಳುತ್ತಿರಲಿಲ್ಲ. ಸ್ವಿಚ್ ಆರಿಸಿ ಮತ್ತೆ ಹಾಕಬೇಕು. ಅಷ್ಟರಲ್ಲಿ ಬರೆದದ್ದೆಲ್ಲ ಹೋಗಿರುತ್ತಿತ್ತು. ಒಂದು ಗಂಟೆಯಲ್ಲಿ ಇಂಥದ್ದು ಮೂರು ಸಲ ಆದರೆ ಪರೀಕ್ಷೆ ಅಲ್ಲಿಗೇ ಮುಗಿದಂತೆ.

ಸಂಘದವರು ಇಂದಿರಾನಗರದ ಕಂಪ್ಯೂಟರ್ ಅಂಗಡಿಗೆ ಹೇಳಿದರು. ಅಂಗಡಿಯ ಲಕ್ಷ್ಮಿಕಾಂತ ಕೆಂಪರಾಜನನ್ನು ಕಳಿಸಿದ. ಕೆಂಪರಾಜನಿಗೆ ಆಗ ನಲವತ್ತೆಂಟು. ಇಪ್ಪತ್ತು ವರ್ಷ ಶಿವಾಜಿನಗರದಲ್ಲಿ ಟೈಪ್‌ರೈಟರ್ ರಿಪೇರಿ ಮಾಡಿ, ಟೈಪ್‌ರೈಟರುಗಳೇ ಇಲ್ಲವಾದಾಗ ಈ ಕೆಲಸ ಕಲಿತವನು. ಅಂಗಡಿಯ ಹುಡುಗರು "ಅಣ್ಣ, ಇದಕ್ಕೆ ರಿಬ್ಬನ್ ಎಲ್ಲಿ ಹಾಕ್ಬೇಕು?" ಎಂದು ಕೀಟಲೆ ಮಾಡುತ್ತಿದ್ದರು. ಅವನು "ನಿನ್ನ ಬಾಯಿಗೆ ಹಾಕು ಮಗಾ" ಎಂದು ತನ್ನ ಕೆಲಸ ನೋಡಿಕೊಳ್ಳುತ್ತಿದ್ದ.

ಮೊದಲ ಸಲ ಬಂದಾಗ ವೈರಸ್ ಇರಬಹುದೆಂದು ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿದ. ಎರಡು ಗಂಟೆ ಸರಿಯಾಗಿ ಓಡಿತು. ಅವನು ಬೈಕ್ ಹತ್ತಿ ಹೋದ ಮೇಲೆ 'ದದದದ' ಎಂದಿತು. ಎರಡನೆಯ ಸಲ ಮೆಮೊರಿ ಬದಲಾಯಿಸಿದ. ಅದರಿಂದಲೂ ಏನಾಗಲಿಲ್ಲ. ಮೂರನೆಯ ಸಲ ಡಬ್ಬವನ್ನೇ ಅಂಗಡಿಗೆ ಹೊತ್ತೊಯ್ದ. ಅಲ್ಲಿ ಇಡೀ ದಿನ ಇಂಗ್ಲಿಷ್ ಓದಿಸಿದರೂ ಒಮ್ಮೆಯೂ ತೊದಲಲಿಲ್ಲ. ಹಾಗಾದರೆ ತೊಂದರೆ ಮನೆಯ ಕರೆಂಟಿನದೇ ಎಂದುಕೊಂಡು, ವಾಪಸ್ ತಂದು, ಸ್ವಿಚ್ ಬೋರ್ಡ್ ಬಿಚ್ಚಿ ಅರ್ತ್ ಪರೀಕ್ಷೆ ಮಾಡಿದ. ಅರ್ತ್ ಸರಿಯಾಗಿಯೇ ಇತ್ತು. ಅಂಗಡಿಗೆ ಹೋಗುವಾಗ ಸ್ಕ್ಯಾನರನ್ನು ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದೆನೆಂಬುದು ಅವನಿಗೆ ಹೊಳೆಯಲಿಲ್ಲ.

ನಾಲ್ಕನೆಯ ಸ್ಕ್ರೂ ಬಂತು. ಕೆಂಪರಾಜ್ ತಗಡು ತೆಗೆದು ಟಾರ್ಚ್ ಬಿಟ್ಟು ನೋಡಿದ. ಒಳಗೆಲ್ಲ ಕನ್ನಡಿಯಂತೆ ಸ್ವಚ್ಛವಾಗಿತ್ತು. ಊರಿಗೆ ಊರೇ ಮನೆ ಕಟ್ಟುತ್ತಿದ್ದ, ಎರಡು ಸಾವಿರದ ಇಸವಿಯ ಆಸುಪಾಸಿನ ಆ ಕಾಲದಲ್ಲಿ ಕಗ್ಗದಾಸಪುರದಲ್ಲಿ ಸಿಮೆಂಟಿನ ಧೂಳು ಕೂರದ ವಸ್ತುವೇ ಇರಲಿಲ್ಲ. ಎಂಥ ಒಪ್ಪವಾದ ಮನೆ ಎಂದು ಅವನು ಈ ಹಿಂದೆಯೂ ಮೆಚ್ಚಿಕೊಂಡಿದ್ದ. ಅದಕ್ಕಿಂತ ಹೆಚ್ಚು ಯೋಚಿಸಿರಲಿಲ್ಲ.

ಅಷ್ಟರಲ್ಲಿ ಆಂಜನಮ್ಮ ಎರಡು ಲೋಟ ಕಾಫಿ ತಂದರು. ಅರವತ್ತೈದರ ಹೆಂಗಸು. ಗಂಡನ ಕಾಲದಲ್ಲಿ ಇದೇ ಜಾಗದ ಸುತ್ತ ರಾಗಿ ಬೆಳೆಯುತ್ತಿದ್ದರು. ಈಗ ಆ ಹೊಲದ ಮೇಲೆ ಬಾಡಿಗೆಯ ಕೋಣೆಗಳು ನಿಂತಿದ್ದವು. ಕೋಣೆಗೆ ಅರ್ತ್ ಇಲ್ಲ, ಅಷ್ಟು ಒಳ್ಳೆಯ ಸಾಮಾನು ಸುಟ್ಟುಹೋದೀತು ಎಂದು ಕಂಪ್ಯೂಟರನ್ನು ತಮ್ಮ ಹಜಾರದಲ್ಲಿ, ಹೊಲಿಗೆ ಮೆಷಿನ್ನಿನ ಪಕ್ಕ ಇರಿಸಿಕೊಂಡವರು ಅವರೇ. ಭಗವಂತರಾಯನ ಕೋಣೆಯ ಬಾಗಿಲಿನಿಂದ ಮೇಜಿನವರೆಗೆ ಇಪ್ಪತ್ತೆರಡು ಹೆಜ್ಜೆ. ಆ ದಾರಿಯಲ್ಲಿ ಮೊರ, ಬಕೆಟ್ಟು, ಮೊಮ್ಮಕ್ಕಳ ಸೈಕಲ್ಲು ಯಾವುದನ್ನೂ ಬಿಡಲು ಅವರು ಒಪ್ಪುತ್ತಿರಲಿಲ್ಲ.

"ಏನಾರ ಗೊತ್ತಾಯ್ತೇನಪ್ಪ? ಪಟಾಲಮ್ಮನಿಗೆ ತಂಬಿಟ್ಟಿನಾರತಿ ಹರಕೆ ಹೊತ್ಕೊಂಡಿದೀನಿ, ಈ ತೊದಲು ನಿಂತ್ರೆ ಸಾಕು ಅಂತ."

"ನೋಡ್ತಾ ಇದೀನಮ್ಮ. ನಾನು ಬರೋಕೆ ಮುಂಚೆ ಬೇರೆ ಯಾರಾದ್ರೂ ಮೆಕಾನಿಕ್ ಬಂದಿದ್ರಾ?"

"ಅವತ್ತೇ ಯೇಳಿದ್ನಲ್ಲಪ್ಪ. ಯಾವ ಮೆಕಾನಿಕ್ಕೂ ನಮ್ಮನೆ ಒಸ್ಲು ತುಳ್ದಿಲ್ಲ. ನೀನೇ ಮೊದ್ಲು."

ಅಷ್ಟರಲ್ಲಿ ಒಳಬಾಗಿಲ ಬಳಿಯ ಮನೆಯ ಫೋನ್ ಬಡಿದುಕೊಂಡಿತು; ಕೆಂಪರಾಜ್ ಎದ್ದು ಹೋಗಿ ಎತ್ತಿದ. ಲಕ್ಷ್ಮಿಕಾಂತ ಅಂಗಡಿಯಿಂದ ಮಾಡಿದ್ದ.

"ಅಣ್ಣ, ಇನ್ನೂ ಅಲ್ಲೇ ಇದೀರಾ? ಬಿಡಿ ಸಾಕು. ಮದರ್‌ಬೋರ್ಡ್ ಹೋಗಿದೆ ಅಂತ ಬರ್ಕೊಟ್ಟು ಬಂದ್ಬಿಡಿ. ಹೊಸದು ತರಿಸೋಣ."

"ಎಷ್ಟು ದಿನ ಆಗತ್ತೆ?"

"ಮೂರು ವಾರ."

"ಇವರ ಪರೀಕ್ಷೆ ನಾಡಿದ್ದು."

 ಲಕ್ಷ್ಮಿಕಾಂತ ದನಿ ತಗ್ಗಿಸಿ, "ಏನ್ ಮಾಡೋದಣ್ಣ, ನಾವು ದೇವ್ರಾ?" ಎಂದು ಫೋನ್ ಇಟ್ಟ.

ಕೆಂಪರಾಜ್ ಬಂದು ಮತ್ತೆ ಚಾಪೆಯ ಮೇಲೆ ಕೂತ. ತಣ್ಣಗಾದ ಕಾಫಿ ಕುಡಿದ. ಏನನ್ನೂ ಹೇಳುವ ಅಗತ್ಯವಿರಲಿಲ್ಲ. ಭಗವಂತರಾಯ ಫೋನಿನ ಈ ತುದಿಯ ಮಾತಿನಿಂದಲೇ ಆ ತುದಿಯದನ್ನು ಊಹಿಸಿಕೊಂಡಿದ್ದ. ಅದೇ ಅಲ್ಲವೇ ಅವನ ಉದ್ಯೋಗ.

"ಇರ್ಲಿ ಬಿಡ್ರಿ ಕೆಂಪರಾಜಣ್ಣ. ನೀವು ಭಾಳ ಮಾಡೀರಿ. ಅಕ್ಕಗ ಮಾತ್ರ ಇವತ್ತೇ ಹೇಳ್ಬ್ಯಾಡ್ರಿ. ಗುರುವಾರಕ್ಕ ರಜಾ ತಗೊಂಡಾಳ. ಹಾಸ್ಟೆಲಿನ ಹುಡುಗ್ಯಾರಿಗೆಲ್ಲ ಹೇಳಿ ಬಂದಾಳಂತ, ನಮ್ಮ ತಮ್ಮ ಆಫೀಸ್ರ ಆಗ್ತಾನಂತ. ನಾ ಎಷ್ಟು ಹೇಳಿದ್ರೂ ಅಕಿಗಿ ಗುಮಾಸ್ತ ಅನ್ನೋ ಮಾತು ಬಾಯಾಗ ಬರವಲ್ದು."

 ಆಂಜನಮ್ಮ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು ಒಳಗೆ ಹೋದರು.

ಕೆಂಪರಾಜ್ ತಗಡನ್ನು ಮುಚ್ಚಿದ. ಡಬ್ಬವನ್ನು ಮೇಜಿನ ಮೇಲೆ ಎತ್ತಿಟ್ಟ. ಹಿಂದಿನ ಮೂರು ಸಲವೂ ಪರೀಕ್ಷಿಸಿ ನೋಡಿದವನು ಅವನೇ. ತನ್ನ ಸ್ಪೀಕರ್ ಚುಚ್ಚಿ, ತನ್ನ ಕೈಯಿಂದ ಹಾಳೆ ಇಟ್ಟು. ಇದರ ಮೇಲೆ ಕೂತು ಕೆಲಸ ಮಾಡುವವನನ್ನು ಒಮ್ಮೆಯೂ ನೋಡಿರಲಿಲ್ಲ.

"ರಾಯರೇ, ನಾನು ಕೈ ಹಚ್ಚಲ್ಲ. ಮೊದಲಿಂದ ಕೊನೆ ತನಕ ನೀವೇ ಮಾಡಿ, ದಿನಾ ಹೆಂಗೆ ಮಾಡ್ತೀರೋ ಹಂಗೆ. ನಾನು ಪಕ್ಕದಲ್ಲಿ ಕೂತ್ಕೊಂಡು ನೋಡ್ತೀನಿ. ಅದು ಹೆಂಗೆ ಸಾಯತ್ತೆ ನೋಡೇ ಹೋಗ್ತೀನಿ."

ಭಗವಂತರಾಯ ಕುರ್ಚಿ ಎಳೆದುಕೊಂಡ. ಕಿವಿಗೆ ಹಾಕುವ ಹೆಡ್‌ಫೋನನ್ನು ತೆಗೆದುಕೊಂಡು, ಅದರ ಪಿನ್ ಹಿಡಿದು, ಎಡಗೈಯನ್ನು ಡಬ್ಬದ ಹಿಂದಕ್ಕೆ ಹಾಕಿದ. ಕೈ ಹಿಂಜರಿಯದೆ ಒಂದು ಜಾಗಕ್ಕೆ ಹೋಯಿತು, ಅಲ್ಲಿದ್ದ ಬರೀ ತಗಡಿಗೆ ಪಿನ್ ಟಕ್ಕೆಂದು ಬಡಿಯಿತು. ಆಮೇಲೆ ಆ ಕೈ ಒಂದು ಕ್ಷಣ ನಿಂತು, ತಡವುತ್ತಾ ಮೇಲಕ್ಕೆ ಬಂದು, ತೂತು ಹುಡುಕಿ ಪಿನ್ ಚುಚ್ಚಿತು.

"ಒಂದ್ನಿಮಿಷ" ಎಂದ ಕೆಂಪರಾಜ್. "ಕೈ ಮೊದಲು ಕೆಳಗೆ ಯಾಕೆ ಹೋಯ್ತು?"

"ಏನಿಲ್ರಿ. ತಪ್ತು."

"ತಪ್ಪಿದ್ದಲ್ಲ ಅದು. ನಾನು ನೋಡ್ದೆ. ಅಲ್ಲೇ ಇರತ್ತೆ ಅಂತ ಗೊತ್ತಿದ್ದಂಗೆ ಹೋಯ್ತು ಕೈ. ಹೇಳಿ."

ಭಗವಂತರಾಯ ಸಂಕೋಚದಿಂದ ಪಿನ್ನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡ.

"ಮೊದಲ ಆ ತೂತು ಎರಡು ಬೆರಳು ಕೆಳಗ ಇತ್ರಿ. ಈಗ ಮ್ಯಾಲ ಬಂದಾದ. ಒಂದೂವರಿ ವರ್ಷದ ರೂಢಿ, ಕೈ ಇನ್ನೂ ಕೆಳಗೇ ಹೋಗ್ತದ."

ಕೆಂಪರಾಜ್ ಚಾಪೆಯಿಂದ ಎದ್ದ. "ಯಾವಾಗಿಂದ?"

"ದಸರಾಕ್ಕ ಊರಿಗಿ ಹೋಗಿ ಬಂದ ದಿನದಿಂದ್ರಿ."

"ಮೆಷಿನ್ ನಿಲ್ಲೋಕೆ ಶುರುವಾಗಿದ್ದು?"

"ಅದೂ ಅವತ್ತೇ."

"ಮತ್ತೆ ಹೇಳ್ಬಾರ್ದಾ ರಾಯರೇ! ನಾಲ್ಕು ಸಲ ಬಂದಿದೀನಿ ನಾನು!"

"ನೀವು ಕೇಳ್ಲಿಲ್ರಿ" ಎಂದ ಭಗವಂತರಾಯ ಮೆಲ್ಲಗೆ. ದೂರಿದಂತೆ ಹೇಳಲಿಲ್ಲ. "ಮತ್ತ ನಾನೂ ಅನ್ಕೊಂಡೆ, ನನ್ನ ಕೈನೇ ಮರ್ತಿರಬೇಕಂತ. ಸಣ್ಣವಿದ್ದಾಗಿಂದ ಕೇಳೀನ್ರಿ. ಕೊಡ ಇಲ್ಲಿತ್ತು, ಯಾರೋ ಸರಿಸ್ಯಾರ ಅಂದ್ರ, ನಿನಗೇನ್ ಕಾಣ್ತದೋ, ಅದು ಅಲ್ಲೇ ಅದ ಅಂತಾರ. ಹತ್ತು ಸಲ ಹಂಗ ಅನ್ನಿಸ್ಕೊಂಡ ಮ್ಯಾಲ ಹೇಳೂದು ಬಿಟ್ಟು ಬಿಡ್ತೀವಿ. ತಡವಿ ಹುಡುಕ್ಕೋತೀವಿ."

ಕೆಂಪರಾಜನಿಗೆ ಮುಖ ಬಿಸಿಯಾಯಿತು. ಯಾವ ಮೆಕಾನಿಕ್ ಬಂದಿದ್ದ ಎಂದು ಮನೆಯ ಯಜಮಾನಿಯನ್ನು ಎರಡು ಸಲ ಕೇಳಿದ್ದ. ಸಂಘದವರನ್ನು ಕೇಳಿದ್ದ. ಕರೆಂಟಿನವರನ್ನೂ ಕೇಳಿದ್ದ. ದಿನಕ್ಕೆ ನಾಲ್ಕು ಗಂಟೆ ಇದರ ಮುಂದೆ ಕೂರುವವನನ್ನು ಮಾತ್ರ ಏನೂ ಕೇಳಿರಲಿಲ್ಲ.

"ಅಮ್ಮಾ," ಎಂದು ಒಳಗೆ ಕೂಗಿದ. "ಒಂಚೂರು ಬನ್ನಿ. ಇವರು ಊರಿಗೆ ಹೋಗಿದ್ದಾಗ ಇದನ್ನ ಯಾರಾದ್ರೂ ತೆಗ್ದಿದ್ರಾ? ಮೆಕಾನಿಕ್ ಅಂತಲ್ಲ. ಯಾರಾದ್ರೂ."

ಆಂಜನಮ್ಮ ಕೈ ಒರೆಸಿಕೊಳ್ಳುತ್ತಾ ಬಂದರು. "ತೆಗೆಯೋದೇನು ಬಂತಪ್ಪ. ಆಯುಧ ಪೂಜೆ ಮಾಡ್ದೆ ಅಷ್ಟೇಯ."

"ಪೂಜೆ ಅಂದ್ರೆ ಮೇಲೆ ಕುಂಕುಮ ಇಟ್ರಿ, ಹೂವು ಹಾಕಿದ್ರಿ."

"ಅಯ್ಯೋ, ಬರೀ ಮುಚ್ಚಳದ ಮ್ಯಾಲೆ ಕುಂಕುಮ ಇಟ್ರೆ ಅದು ಪೂಜೆಯಾ? ನೇಗಿಲ ಗುಳ, ಕುಡ್ಲು, ಈಳಿಗೆ ಎಲ್ಲಾ ತೊಳೀತೀನಿ. ಹೊಲಿಗೆ ಮೆಷಿನ್ನ ವರ್ಷಕ್ಕೊಂದು ಕಿತ ಪೂರ್ತಿ ಬಿಚ್ಚಿ, ಒಳಗಿನ ಜಡ್ಡು ತೆಗ್ದು, ಆಮ್ಯಾಕೆ ಜೋಡ್ಸಿ ಪೂಜೆಗೆ ಇಡೋದು. ಹೋದ ವರ್ಷ ಹೊಸ್ದು ಅಂತ ಬಿಟ್ಟಿದ್ದೆ, ಈ ಕಿತ ಇದ್ನೂ ಅಂಗೇ ಮಾಡ್ದೆ. ಅಬ್ಬಬ್ಬ, ಏನು ಧೂಳು ಅಂತೀಯಾ ಒಳಗೆ! ನೀರು ಸೋಕಿಸ್ಲಿಲ್ಲಪ್ಪ ಮತ್ತೆ. ಹಳೇ ಮಲ್ಲು ಪಂಚೆಯಾಗೆ ಒರೆಸ್ದೆ. ಆ ಹಲಗೆಗಳ್ನ ಒಂದೊಂದೇ ತೆಗ್ದು, ಮೊರದಾಗೆ ಮಡಗಿ, ಒರೆಸಿ, ಆಮ್ಯಾಕೆ ವಾಪಸ್ ಚುಚ್ಚಿದೆ."

ಕೆಂಪರಾಜ್ ಹಣೆಯ ಮೇಲೆ ಕೈ ಇಟ್ಟುಕೊಂಡ. "ಎಲ್ಲಿತ್ತೋ ಅಲ್ಲೇ ಚುಚ್ಚಿದ್ರಾಮ್ಮ?"

"ಒಂದ್ನ ಅಲ್ಲೇ. ಈ ಕಿವಿ ತಂತಿ ಚುಚ್ತಾನಲ್ಲ ನಮ್ ರಾಯ, ಆ ಮಾತಾಡೋ ಹಲಗೆ ಕೆಳಗಿತ್ತು. ಧೂಳೆಲ್ಲ ಕೆಳಗೇ ಕೂರೋದು. ಪಾಪ, ಮಾತಾಡೋದು ಅದೊಂದೇ, ಅದ್ಯಾಕೆ ಧೂಳ್ನಾಗಿರ್ಬೇಕು ಅಂತ ಎಲ್ಲಾದಕ್ಕಿಂತ ಮ್ಯಾಲಕ್ಕೆ ಹಾಕ್ದೆ. ಕಿಂಡಿ ಖಾಲಿ ಇತ್ತು. ಯಾಕಪ್ಪ, ಅಲ್ಲಿರ್ಬಾರ್ದಾ?"

ಕೆಂಪರಾಜ್ ಉತ್ತರ ಹೇಳುವ ಮೊದಲು ಕಂಪ್ಯೂಟರ್ ಹಚ್ಚಿ, ಒಳಗಿನ ಸಾಮಾನುಗಳ ಪಟ್ಟಿ ತೆಗೆದ. ಇದೇ ಪಟ್ಟಿಯನ್ನು ಮೂರು ಸಲ ನೋಡಿದ್ದ. ಎರಡು ಸಾಮಾನುಗಳ ನಡುವೆ ಜಗಳವಿದ್ದರೆ ಅಲ್ಲೊಂದು ಹಳದಿ ಗುರುತು ಬರುತ್ತದೆ. ಹಳದಿ ಇಲ್ಲವೆಂದು ಮುಚ್ಚಿಬಿಟ್ಟಿದ್ದ. ಈಗ ಒಂದೊಂದನ್ನೇ ತೆರೆದು ಅದರ ಸಂಖ್ಯೆ ನೋಡಿದ. ಸೌಂಡ್ ಕಾರ್ಡಿನ ಮುಂದೆ ಹನ್ನೊಂದು. ಸ್ಕ್ಯಾನರಿನ ಕಾರ್ಡಿನ ಮುಂದೆಯೂ ಹನ್ನೊಂದು.

"ಸಿಕ್ತು ರಾಯರೇ" ಎಂದ. "ಹೇಳ್ತೀನಿ ಕೇಳಿ. ಒಳಗಡೆ ಮೇಲಿಂದ ಕೆಳಗೆ ಐದು ಕಿಂಡಿ ಇದೆ. ಯಾವ ಕಾರ್ಡಿಗಾದ್ರೂ ಕೆಲಸ ಬಿದ್ರೆ ಗಂಟೆ ಬಾರಿಸಿ ಯಜಮಾನನ್ನ ಕರೀಬೇಕು. ಐದು ಕಿಂಡಿಗೆ ನಾಲ್ಕೇ ಗಂಟೆ. ಮೇಲಿನ ಮೊದಲನೇದಕ್ಕೂ ಕೆಳಗಿನ ಕೊನೇದಕ್ಕೂ ಒಂದೇ ಗಂಟೆ, ಹನ್ನೊಂದನೇ ನಂಬರಿಂದು. ಸ್ಕ್ಯಾನರಿಂದು ಕೆಳಗಿನ ಕೊನೇದ್ರಲ್ಲಿದೆ. ನಡುವೆ ಇದ್ದ ಸೌಂಡ್ ಕಾರ್ಡ್ ಈಗ ಮೇಲೆ ಹೋಗಿದೆ. ಒಂದೊಂದೇ ಕೆಲಸ ಮಾಡಿದ್ರೆ ತೊಂದ್ರೆ ಇಲ್ಲ. ಇದು ಓದ್ತಿರುವಾಗ ಅದೂ ಸ್ಕ್ಯಾನ್ ಶುರು ಮಾಡಿದ್ರೆ, ಇಬ್ರೂ ಒಂದೇ ಗಂಟೆ ಬಾರಿಸ್ತಾರೆ. ಕರೆದವರು ಯಾರು ಅಂತ ಯಜಮಾನನಿಗೆ ಗೊತ್ತಾಗಲ್ಲ. ಅಲ್ಲೇ ದಿಕ್ಕು ತಪ್ಪಿ ನಿಂತ್ಬಿಡ್ತಾನೆ."

"ಎರಡು ಮನೆಗೆ ಒಂದೇ ನಲ್ಲಿ ಬುಟ್ಟಂಗೆ" ಎಂದರು ಆಂಜನಮ್ಮ. ಬಾಡಿಗೆಮನೆ ನಡೆಸುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ತಾವೇ ಹಾಗೆ ಹೇಳಿದ ಮೇಲೆ, ಅದು ಯಾರಿಂದ ಆಯಿತೆಂಬುದು ಅವರಿಗೆ ಅರ್ಥವಾಯಿತು. ಗೋಡೆ ಹಿಡಿದು ನಿಧಾನವಾಗಿ ಹೊಲಿಗೆ ಮೆಷಿನ್ನಿನ ಸ್ಟೂಲಿನ ಮೇಲೆ ಕೂತರು.

"ಅಂಗಾದ್ರೆ ನಾನೇ ಮಾಡಿದ್ದಾ ಇದು? ಎರಡು ವಾರದಿಂದ ಈ ಮಗ ಒದ್ದಾಡ್ತಿರೋದು ನನ್ನಿಂದ್ಲಾ?"

 ಭಗವಂತರಾಯ ಆ ದನಿಯ ಕಡೆಗೆ ತಿರುಗಿದ.

"ಅಮ್ಮಾ, ನೀವು ಅದನ್ನ ಮ್ಯಾಲ ಯಾಕ ಇಟ್ರಿ ಅಂದ್ರಿ?"

"ಧೂಳು ಆಗಬಾರ್ದು ಅಂತ ಕಣಪ್ಪ."

"ಆತಲ್ಲ ಮತ್ತ. ನನ್ನ ಮಾತಿಗಿ ಧೂಳ ಹತ್ತಬಾರದಂತ ಇಷ್ಟು ಕಾಳಜಿ ನಮ್ಮವ್ವನೂ ಮಾಡಿಲ್ಲ. ಅಳಬ್ಯಾಡ್ರಿ. ಅಳೂದು ಕೇಳ್ತದ ನನಗ."

"ಯಾರು ಅತ್ರು? ನೆಗಡಿ" ಎಂದರು ಆಂಜನಮ್ಮ.

ಕೆಂಪರಾಜ್ ಆಗಲೇ ಸ್ಕ್ರೂ ಬಿಚ್ಚುತ್ತಿದ್ದ. ನಾಲ್ಕನೆಯದೂ ಈ ಸಲ ಸುಮ್ಮನೆ ಬಂತು. ಸೌಂಡ್ ಕಾರ್ಡನ್ನು ತೆಗೆದು, ನಡುವಿನ ಕಿಂಡಿಗೆ ಹಾಕಿ ಒತ್ತುವ ಮೊದಲು ಭಗವಂತರಾಯನ ಕೈ ಹಿಡಿದು ಅಲ್ಲಿಗೆ ತಂದ. "ಇದೇ ಜಾಗನಾ?"

ಭಗವಂತರಾಯ ಡಬ್ಬದ ಹಿಂದಿನಿಂದ ಬೆರಳಾಡಿಸಿ ನೋಡಿದ. "ಇದೇ ರೀ. ಇಲ್ಲೇ ಇತ್ತು ನೋಡ್ರಿ."

ಹಚ್ಚಿದ ಮೇಲೆ ಪಟ್ಟಿಯಲ್ಲಿ ಒಂದರ ಮುಂದೆ ಹತ್ತು, ಇನ್ನೊಂದರ ಮುಂದೆ ಹನ್ನೊಂದು. ಭಗವಂತರಾಯ ಒಂದು ಹಳೆಯ ಪುಸ್ತಕ ತೆಗೆದುಕೊಂಡು ಪುಟದ ಮೇಲೆ ಪುಟ ಇಡುತ್ತಾ ಹೋದ. ಯಂತ್ರ ಓದಿತು, ಸ್ಕ್ಯಾನ್ ಮಾಡಿತು, ಓದಿತು. ಮೂರನೆಯ ಪುಟ ದಾಟಿತು; ಮಾತು ತೊದಲಲಿಲ್ಲ. ಎಂಟನೆಯದಕ್ಕೆ ಆಂಜನಮ್ಮ ಎದ್ದು ಅಕ್ಕಿ ನೆನೆಹಾಕಲು ಹೋದರು. ತಂಬಿಟ್ಟಿಗೆ.

ಗುರುವಾರ ಕೆಂಪರಾಜ್ ಅರ್ಧ ದಿನ ರಜೆ ಕೇಳಿದ. ಲಕ್ಷ್ಮಿಕಾಂತ ಗೊಣಗಿದ, ಆದರೆ ಬೆಳಿಗ್ಗೆ ಎಂಟಕ್ಕೆ ಅಂಗಡಿಯ ಹುಡುಗನೊಬ್ಬ, ಹೊಸ ಮಾನಿಟರುಗಳ ಜತೆ ಬರುವ ದಪ್ಪ ಥರ್ಮೋಕೋಲನ್ನು ಸ್ಕೂಟರಿಗೆ ಕಟ್ಟಿಕೊಂಡು ಕಗ್ಗದಾಸಪುರಕ್ಕೆ ಬಂದ. "ಲಕ್ಷ್ಮಿಕಾಂತಣ್ಣ ಕಳಿಸಿದ್ರು. ಹಂಪ್ ಜಾಸ್ತಿ ಇದೆ, ಅಲ್ಲಾಡ್ದಂಗೆ ಇಟ್ಕೊಳ್ಳಿ ಅಂದ್ರು."

ಎರಡು ಆಟೋ ಮಾಡಿಕೊಂಡರು. ಮುಂದಿನದರಲ್ಲಿ ಭಗವಂತರಾಯ ಮತ್ತು ಯಂಕಮ್ಮ, ನಡುವೆ ಮಾನಿಟರ್. ಹಿಂದಿನದರಲ್ಲಿ ಕೆಂಪರಾಜ್, ಪಕ್ಕದಲ್ಲಿ ಸ್ಕ್ಯಾನರ್, ಮಗುವಿನಂತೆ ತೊಡೆಯ ಮೇಲೆ ಡಬ್ಬ ಇಟ್ಟುಕೊಂಡು. ಹಲಸೂರು ಕೆರೆ ದಾಟುವವರೆಗೂ ಡ್ರೈವರ್ ಏನೂ ಕೇಳಲಿಲ್ಲ. ಹಳ್ಳ ಕಂಡಲ್ಲೆಲ್ಲ ತಾನಾಗಿಯೇ ನಿಧಾನ ಮಾಡಿದ. ಆಂಜನಮ್ಮ ಮನೆಯಲ್ಲೇ ಉಳಿದರು. ತಾನು ಬಂದರೆ ಇನ್ನೇನಾದರೂ ಮುಟ್ಟಿಬಿಟ್ಟೇನು ಎಂದರು.

ಕಚೇರಿಯ ಒಂದು ಕೋಣೆಯಲ್ಲಿ ಮೇಜು ಹಾಕಿದ್ದರು. ಕೆಂಪರಾಜ್ ಎಲ್ಲವನ್ನೂ ಜೋಡಿಸಿದ. ಮೊದಲ ಪತ್ರ ಓದುವವರೆಗೆ ಅವನು ಒಳಗಿರಬಹುದು, ಅಲ್ಲಿಯತನಕ ಸ್ಪೀಕರ್ ಇರಲಿ, ತಾವೂ ಕೇಳಬೇಕು ಎಂದರು ಅಧಿಕಾರಿ. ಪತ್ರಗಳನ್ನು ಬೇರೆ ಯಾರೂ ಮುಟ್ಟಬಾರದೆಂದು ತಾವೇ ಮೊದಲ ಹಾಳೆಯನ್ನು ಸ್ಕ್ಯಾನರಿನ ಮೇಲೆ ಇಟ್ಟರು. ಬೆಳಕು ಹರಿದುಹೋಯಿತು. ಯಂತ್ರ ಬಾಯಿ ತೆರೆಯಿತು.

ಬಂದದ್ದು ಯಾವ ಭಾಷೆಯೂ ಅಲ್ಲ. ಕಲ್ಲು ಅಗಿದಂಥ ಸದ್ದು. ಕೆಂಪರಾಜ್ ಡಬ್ಬದ ಹಿಂದಕ್ಕೆ ಬಗ್ಗಿದ. ಆಟೋದಲ್ಲಿ ಕಾರ್ಡ್ ಅಲುಗಿತೇ? ಕೇಬಲ್? ಅಧಿಕಾರಿ ಕೈಗಡಿಯಾರ ನೋಡಿಕೊಂಡು, ಕನಿಕರದಿಂದಲೇ, "ಹೋಗ್ಲಿ ಬಿಡಪ್ಪ, ನಮ್ಮವರು ಯಾರಾದ್ರೂ ಓದಿ ಹೇಳ್ತಾರೆ, ನೀನು ಟೈಪ್ ಮಾಡು" ಎಂದರು.

ಭಗವಂತರಾಯ ಮಾತ್ರ ನಗುತ್ತಿದ್ದ. "ಬ್ಯಾಡ್ರಿ ಸಾರ್. ಮೆಷಿನ್ ಬರೋಬ್ಬರಿ ಅದ. ನೀವು ಹಾಳಿ ತಲಿಕೆಳಗ ಇಟ್ಟೀರಿ. ಒಮ್ಮಿ ತಿರುವಿ ಇಡ್ರಿ."

ಅಧಿಕಾರಿ ಮುಚ್ಚಳ ಎತ್ತಿ ನೋಡಿದರು. ಹಾಳೆಯನ್ನು ತಿರುಗಿಸಿಟ್ಟರು. "ಡಿಯರ್ ಸರ್" ಎಂದು ಶುರುಮಾಡಿತು ಯಂತ್ರ, ಕಡಲೆ ಹುರಿಯುವ ವೇಗದಲ್ಲಿ.

"ಇದು ನಿನಗೆ ಅರ್ಥ ಆಗತ್ತಾ?"

"ನಿಮಗ ಬೇಕಂದ್ರ ನಿಧಾನ ಮಾಡ್ತೀನ್ರಿ ಸಾರ್."

ಅಧಿಕಾರಿ ಬೇಡವೆಂದರು. ಕೆಂಪರಾಜನಿಗೆ ಹೊರಗೆ ಹೋಗಲು ಹೇಳಿ ಬಾಗಿಲು ಹಾಕಿಕೊಂಡರು.

ಕಾರಿಡಾರಿನ ಬೆಂಚಿನ ಮೇಲೆ ಯಂಕಮ್ಮ ಇಳಕಲ್ ಸೀರೆಯ ಸೆರಗು ಹೊದ್ದು ಕೂತಿದ್ದಳು. "ನಿಂತಿಲ್ಲೇನ್ರಿ ಅಣ್ಣಾರ ಅದು?" ಎಂದು ಐದು ನಿಮಿಷಕ್ಕೊಮ್ಮೆ ಕೇಳಿದಳು. "ಇಲ್ಲಮ್ಮ" ಎಂದು ಅವನು ಐದು ನಿಮಿಷಕ್ಕೊಮ್ಮೆ ಹೇಳಿದ, ಒಳಗೆ ಹೇಗೆ ನಡೆದಿದೆಯೋ ಅವನಿಗೇ ಗೊತ್ತಿರಲಿಲ್ಲ. ಕಚೇರಿಯ ಜವಾನನೊಬ್ಬ ಆ ಕಡೆ ಈ ಕಡೆ ಎರಡು ಸಲ ಓಡಾಡಿ, ಮೂರನೆಯ ಸಲ ಕೇಳದೆಯೇ ಎರಡು ಲೋಟ ನೀರು ತಂದಿಟ್ಟ. "ನಮ್ ಭಗವಂತರಾಯ ಅಲ್ವಾ? ಆಗ್ತಾನೆ ಬಿಡಿ" ಎಂದು ಹೋದ.

ಹನ್ನೊಂದಕ್ಕೆ ಎರಡು ನಿಮಿಷವಿರುವಾಗ ಬಾಗಿಲು ತೆರೆಯಿತು. ಕೆಂಪರಾಜ್ ಒಳಗೆ ಹೋದಾಗ ಅಧಿಕಾರಿ ಪರದೆಯ ಮೇಲೆ ಬಗ್ಗಿ ಐದನೆಯ ಉತ್ತರ ಓದುತ್ತಿದ್ದರು. ಓದಿ ಮುಗಿಸಿ ಮೇಲಿನಿಂದ ಮತ್ತೊಮ್ಮೆ ಓದಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ಕೆಂಪರಾಜನ ಕಡೆ ತಿರುಗಿದರು.

"ಇಂಥದೇ ಒಂದು ಸೆಟ್ ನಮ್ಮಲ್ಲಿ ಹಾಕ್ಬೇಕು ಅಂದ್ರೆ ಏನೇನು ಬೇಕು ಹೇಳಿ. ಎಲ್ಲಿ ಹಾಕೋದು, ಹೆಂಗೆ. ಒಂದನೇ ತಾರೀಖಿನೊಳಗೆ ರೆಡಿ ಇರ್ಬೇಕು."

ಕೆಂಪರಾಜನಿಗೆ ಗೊತ್ತಿತ್ತು. ಯಾವ ಕಾರ್ಡು, ಯಾವ ಕಿಂಡಿ, ಎಲ್ಲವೂ ಬಾಯಿತುದಿಗೇ ಬಂದಿತ್ತು. ಅವನು ಅದನ್ನು ನುಂಗಿಕೊಂಡ.

"ಅವರನ್ನೇ ಕೇಳಿ ಸಾರ್. ದಿನಾ ಕೂರೋರು ಅವರು."

 ಅಧಿಕಾರಿ ಕುರ್ಚಿ ಎಳೆದುಕೊಂಡು ಭಗವಂತರಾಯನ ಎದುರು ಕೂತರು.

"ಹೇಳ್ರಿ ಭಗವಂತರಾಯ."

"ಮೊದಲ, ಈ ಖೋಲಿ ಬ್ಯಾಡ್ರಿ ಸಾರ್" ಎಂದ ಭಗವಂತರಾಯ. "ಇಲ್ಲಿ ಲಿಫ್ಟಿನ ಸಪ್ಪಳ ಭಾಳ. ಫೈಲಿನ ಖೋಲಿ ದಾಟಿದ್ರ ಕಿಟಕಿ ಮೂಲಿಗಿ ಒಂದು ಜಾಗ ಅದ. ಮುಂಜಾನಿ ಬಿಸಿಲ ಬರ್ತದ, ಗದ್ದಲ ಇಲ್ಲ. ಎರಡು ವರ್ಷ ಆತು, ಆ ಜಾಗ ನೋಡಿಟ್ಟೀನ್ರಿ."

ಅಧಿಕಾರಿ ಜೇಬಿನಿಂದ ಪೆನ್ ತೆಗೆದು ಬರೆದುಕೊಳ್ಳತೊಡಗಿದರು.